ಅರ್ಜುನ ಕೊಟ್ಟ ಮಾತು

ಕಾರ್ಕಳದ ಕಡೆಯ ಒಂದು ಹಳ್ಳಿ. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಹರಕೆ ಆಟಕ್ಕೆ ರಂಗಸ್ಥಳ ಎದ್ದಿದೆ. ಅದರ ಹಿಂದೆ ವೇಷ ಕಟ್ಟುವ ಚೌಕಿ. ಸಾಲಾಗಿಟ್ಟ ವೇಷದ ಪೆಟ್ಟಿಗೆಗಳ ಎದುರು ಕಲಾವಿದರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎಡಗೈಯಲ್ಲಿ ಅಂಗೈಯಗಲದ ಕನ್ನಡಿ, ಬಲಗೈಯಲ್ಲಿ ಬಣ್ಣದ ಕಡ್ಡಿ. ತೆಂಗಿನೆಣ್ಣೆ, ಕಾಡಿಗೆ, ಬೆವರು, ದೇವರ ಮುಂದಿನ ಊದುಬತ್ತಿ ಎಲ್ಲ ಸೇರಿದ ಚೌಕಿಯದೇ ಒಂದು ವಾಸನೆ. ಮಾತು ಕಡಿಮೆ.

ತುದಿಯಲ್ಲಿ ಕೂತ ಪುಂಡುವೇಷದ ಹುಡುಗ ಹಣೆಯ ನಾಮವನ್ನು ಒರೆಸುತ್ತಾನೆ, ಮತ್ತೆ ಬರೆಯುತ್ತಾನೆ, ಮತ್ತೆ ಒರೆಸುತ್ತಾನೆ. ಇವತ್ತಿನ ಪ್ರಸಂಗ ‘ಸುಧನ್ವಾರ್ಜುನ’. ಸುಧನ್ವ ಮಾಡಬೇಕಿದ್ದವರಿಗೆ ಜ್ವರ. ಮಧ್ಯಾಹ್ನ ಭಾಗವತರು ಇವನನ್ನು ಕರೆದು, “ಇವತ್ತು ಸುಧನ್ವ ನಿನ್ನದು” ಎಂದುಬಿಟ್ಟಿದ್ದಾರೆ. ಕುಣಿತದ ಬಗ್ಗೆ ಅವನಿಗೆ ಚಿಂತೆಯಿಲ್ಲ, ಧೀಂಗಿಣ ಹಾರುವುದರಲ್ಲಿ ಮೇಳದಲ್ಲೇ ಅವನು ಮುಂದು. ಹೆದರಿಕೆ ಇರುವುದು ಮಾತಿನದ್ದು.

ಯಕ್ಷಗಾನದಲ್ಲಿ ಬರೆದಿಟ್ಟ ಸಂಭಾಷಣೆಯಿಲ್ಲ. ಪ್ರಸಂಗ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು, ಆ ಪದ್ಯದ ಅರ್ಥವನ್ನು ಅಲ್ಲೇ, ಆಗಲೇ ತನ್ನ ಮಾತಿನಲ್ಲಿ ಕಟ್ಟಬೇಕು. ನಾಟಕದಂತೆ ತಿಂಗಳುಗಟ್ಟಲೆ ತಾಲೀಮೂ ಇಲ್ಲ. ದೀಪಾವಳಿಯ ನಂತರ ತಿರುಗಾಟ ಹೊರಟ ಮೇಳ ಬೇಸಿಗೆಯ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ದಿನಕ್ಕೊಂದು ಊರು, ಊರಿಗೊಂದು ಪ್ರಸಂಗ. ಉಡುಪಿಯಲ್ಲಿ 1971ರಲ್ಲೇ ಯಕ್ಷಗಾನ ಕೇಂದ್ರ ಆರಂಭವಾಯಿತು. ಹೆಜ್ಜೆ, ತಾಳಗಳನ್ನು ತರಗತಿಯಲ್ಲಿ ಕಲಿತು ಬರುವ ಹುಡುಗರು ಈಗ ಬೇಕಷ್ಟು. ಆದರೆ ಇಂಥ ಪದ್ಯಕ್ಕೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ನಡೆ ಸಿಗುವುದು ಹಿರಿಯರ ಬಾಯಿಂದಲೇ.

ಅರ್ಜುನ ಮಾಡುವವರು ಎರಡು ಪೆಟ್ಟಿಗೆ ಆಚೆ ಕೂತಿದ್ದಾರೆ. ಅರುವತ್ತು ದಾಟಿದ ಪ್ರಾಯ. ಹುಡುಗ ಅರ್ಧ ಬಣ್ಣದ ಮುಖದಲ್ಲೇ ಅವರ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಾನೆ.

“ಅಣ್ಣ, ಸಾರಥಿ ಬಿದ್ದ ಮೇಲೆ ನೀವು ಎಂತ ಕೇಳ್ತೀರಿ?”

“ಅದು ನನಗೇ ಗೊತ್ತಿಲ್ಲ ಮಾರಾಯ. ನೀನು ಹೇಳಿದ್ದನ್ನು ಕೇಳಿ ಅಲ್ಲವಾ ನಾನು ಹೇಳುವುದು?”

“ನನಗೆ ಬಾಯಿ ಕಟ್ಟಿದರೆ?”

“ಕಟ್ಟಿದರೆ ನಾನಿಲ್ಲವಾ? ಭಾಗವತರು ಇಲ್ಲವಾ? ನನಗೂ ಹೆದರಿಕೆ ಉಂಟು. ಹೆದರಿಕೆ ಇಲ್ಲದವ ಎದುರಿನವ ಹೇಳಿದ್ದನ್ನು ಕೇಳುವುದೇ ಇಲ್ಲ.”

ಅಷ್ಟು ಹೇಳಿ ಅವರು ಹುಬ್ಬು ತೀಡುವುದಕ್ಕೆ ಹೊರಳುತ್ತಾರೆ. ಮುಖದ ಬಣ್ಣ ಇಲ್ಲಿ ಅವರವರದ್ದೇ ಕೆಲಸ. ಆಮೇಲಿನದ್ದು ಹಾಗಲ್ಲ. ನೇಪಥ್ಯದವರು ಬೆನ್ನ ಹಿಂದೆ ನಿಂತು, ಮೊಣಕಾಲು ಕೊಟ್ಟು, ಹುರಿ ಎಳೆದು ಕಟ್ಟಬೇಕು. ಎದೆಪದಕ, ಭುಜಕೀರ್ತಿ, ಸೊಂಟದ ಡಾಬು ಒಂದೊಂದೇ ಏರುತ್ತವೆ. ಗಂಟು ಸಡಿಲವಾದರೆ ಕುಣಿಯುವಾಗ ವೇಷ ಜಾರುತ್ತದೆ, ಬಿಗಿಯಾದರೆ ಉಸಿರು ಕಟ್ಟುತ್ತದೆ. ಆ ಹದ ಕಟ್ಟುವವನ ಕೈಯಲ್ಲಿದೆ.

ಆಟ ಶುರುವಾಗಿದೆ. ತಂದೆ ಹಂಸಧ್ವಜನ ಆಜ್ಞೆಯಂತೆ ಸುಧನ್ವ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬಿದ್ದು, ಹರಿಸ್ಮರಣೆಯಿಂದ ಸುಡದೆ ಎದ್ದು ಬಂದಾಗಿದೆ. ಈಗ ಯುದ್ಧ. ಅರ್ಜುನನ ಸಾರಥಿ ಉರುಳಿದ್ದಾನೆ. ಲಕ್ಷ್ಮೀಶನ ‘ಜೈಮಿನಿ ಭಾರತ’ ಬಲ್ಲ ಕರಾವಳಿಯ ಅಜ್ಜಂದಿರಿಗೆ ಮುಂದಿನದು ಗೊತ್ತು: ಕೃಷ್ಣನನ್ನು ಕರೆಸು ಎಂದು ಸುಧನ್ವ ಪಾರ್ಥನನ್ನು ಕೆಣಕಬೇಕು.

ಪದ್ಯ ಮುಗಿಯುತ್ತದೆ. ಹುಡುಗ ಬಾಯಿ ತೆರೆಯುತ್ತಾನೆ. ಮಾತು ಬರುವುದಿಲ್ಲ.

ಭಾಗವತರಿಗೆ ಅವನ ಬೆನ್ನು ನೋಡಿಯೇ ತಿಳಿದಿದೆ. ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತುತ್ತಾರೆ, ಬೇಕೆಂದೇ ಎಳೆದು ಹಾಡುತ್ತಾರೆ. ಮದ್ದಳೆಯವರು ಜೊತೆಗೂಡುತ್ತಾರೆ, ಚೆಂಡೆ ಏರುತ್ತದೆ. ಹುಡುಗ ಎರಡು ಸುತ್ತು ಕುಣಿಯುತ್ತಾನೆ. ಉಸಿರು ಹಿಂದಕ್ಕೆ ಬರುತ್ತದೆ, ಮಾತು ಇನ್ನೂ ಇಲ್ಲ. ಆಗ ಅರ್ಜುನ ಬಿಲ್ಲೂರಿ ನಗುತ್ತಾನೆ.

“ಏನು ಸುಧನ್ವಾ, ತಂದೆಯ ಕೊಪ್ಪರಿಗೆಯಲ್ಲಿ ನಾಲಿಗೆಯೊಂದು ಬೆಂದುಹೋಯಿತೇ?”

ಸಭೆ ಗೊಳ್ಳೆಂದಿತು. ಹುಡುಗನ ಕಣ್ಣು ಅಗಲವಾಯಿತು.

“ಬೆಂದಿಲ್ಲ ಪಾರ್ಥ! ಯಾರ ನಾಮದಿಂದ ಆ ಎಣ್ಣೆ ನನಗೆ ತಣ್ಣಗಾಯಿತೋ, ಅವನು ನಿನ್ನ ರಥದಲ್ಲಿ ಇಲ್ಲ. ಖಾಲಿ ರಥದೊಡನೆ ಮಾತೇಕೆಂದು ಸುಮ್ಮನಿದ್ದೆ. ಕರೆಸು ಅವನನ್ನು!”

ಗದ್ದೆಯ ಆ ತುದಿಯಿಂದ ಶಿಳ್ಳೆ. ಚೆಂಡೆಯವರು ಕೇಳದೆಯೇ ಒಂದು ಮುಕ್ತಾಯ ಬಾರಿಸಿಬಿಟ್ಟರು. ಅಲ್ಲಿಂದ ಮುಂದೆ ಹುಡುಗನನ್ನು ಹಿಡಿಯುವವರಿಲ್ಲ. ಅರ್ಜುನ ಚುಚ್ಚಿದಷ್ಟೂ ಸುಧನ್ವ ಬೆಳೆಯುತ್ತಾನೆ. ಸಭೆಗೆ ಕಂಡದ್ದು ಹಿರಿಯನೊಬ್ಬ ಎಳೆಯನನ್ನು ಹಂಗಿಸಿದ್ದು. ಹುಡುಗನಿಗೆ ಸಿಕ್ಕಿದ್ದು ಕೊಪ್ಪರಿಗೆ ಎಂಬ ಒಂದು ಎಳೆ, ಅದನ್ನು ಹಿಡಿದು ಅವನು ಮಾತಿನ ದಾರಿಗೆ ಬಂದ. ಬಾಯಿಬಿಟ್ಟು ಹೇಳಿಕೊಡುವಂತಿಲ್ಲ, ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. ಹಾಗಿರುವಾಗ ನೆರವನ್ನು ಬೈಗುಳದ ವೇಷದಲ್ಲೇ ಕಳಿಸಬೇಕು. ಹಿರಿಯರಿಗೆ ಅಲ್ಲಿಯೇ ನಾಲ್ಕು ಮಾತು ಜಡಿದು ತಾನು ಮೆರೆಯುವುದು ಸುಲಭವಿತ್ತು. ಆದರೆ ಸುಧನ್ವ ಕುಸಿದರೆ ಅರ್ಜುನನಿಗೆ ಕೃಷ್ಣನನ್ನು ಕರೆಯುವ ಅಗತ್ಯವೇ ಹುಟ್ಟುವುದಿಲ್ಲ. ಪ್ರಸಂಗ ಅಲ್ಲಿಗೇ ನಿಲ್ಲುತ್ತದೆ.

ಹಿಮ್ಮೇಳದ ಭಾಗವತರನ್ನು ಮೊದಲನೆಯ ವೇಷಧಾರಿ ಎಂದು ಹಿಂದಿನವರು ಕರೆದದ್ದು ಸುಮ್ಮನಲ್ಲ. ಬಣ್ಣ ಹಚ್ಚದ, ಕುಣಿಯದ ಆ ಮನುಷ್ಯ ಎಲ್ಲರ ಅಳುಕನ್ನೂ ತಾಳದಲ್ಲಿ ಸಂಭಾಳಿಸುತ್ತಾರೆ. ಕಲಾವಿದನ ಅಳುಕು ಅನುಭವದಿಂದ ಮಾಯವಾಗುತ್ತದೆ ಎಂಬುದನ್ನು ಈ ರಂಗ ನಂಬುವುದಿಲ್ಲ. ನಾಳೆ ಎದುರಿನ ವೇಷ ಬೇರೆ, ಪ್ರಸಂಗ ಬೇರೆ. ಅಳುಕು ಹೊಸದಾಗಿಯೇ ಬರುತ್ತದೆ. ಬಂದಾಗ ಹಂಚಿಕೊಳ್ಳಲು ಜನ ಇದ್ದಾರೆಯೇ ಎಂಬುದಷ್ಟೇ ಮುಖ್ಯ.

ಆಟ ಮುಗಿದು ಮುಖದ ಬಣ್ಣ ತೆಗೆಯುವಾಗ ಊರಿನ ಒಬ್ಬರು ಚೌಕಿಗೆ ಬಂದು ಹುಡುಗನ ಬೆನ್ನು ತಟ್ಟಿದರು: “ಅರ್ಜುನನನ್ನು ಮಾತಲ್ಲಿ ಸೋಲಿಸಿಬಿಟ್ಟೆ!” ಪಕ್ಕದಲ್ಲಿದ್ದ ಅರ್ಜುನ ಎಣ್ಣೆಬಟ್ಟೆಯಿಂದ ಕೆನ್ನೆ ಒರೆಸುತ್ತ ಹೌದೆಂದು ತಲೆಯಾಡಿಸಿದರು. ಬಂದವರು ಹೋದ ಮೇಲೆ ಹುಡುಗನತ್ತ ತಿರುಗಿ, “ನಾಳೆ ನನಗೆ ವಾಲಿ. ಮಾಡದೆ ತುಂಬ ಸಮಯ ಆಯ್ತು. ನೀನು ಸುಗ್ರೀವ ಅಲ್ಲವಾ? ಬೇಗ ಬಾ, ಸ್ವಲ್ಪ ಮಾತಾಡಿಕೊಳ್ಳುವ” ಎಂದರು.