ಬೆರಳ ತುದಿಯಲ್ಲಿ ತಾಳದ ಆವರ್ತ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆ ನೋಡಿದ್ದೀರಲ್ಲ? ಅಡಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಜಪಾನಿನ ಕೋರ್ಗ್ ಕಂಪನಿ 2006ರಲ್ಲಿ ತಂದ ‘ಕೆಯಾಸ್ ಪ್ಯಾಡ್ 3’ ಎಂಬ ಪೆಟ್ಟಿಗೆ ನಾದವನ್ನೂ ಹೀಗೆಯೇ ಸಾಲಿನ ಮೇಲೆ ಸಾಲಾಗಿ ಪೇರಿಸುತ್ತದೆ.

ಮೈಕಿನೆದುರು ಖಂಜಿರ ನುಡಿಸಿ ಗುಂಡಿ ಒತ್ತಿದರೆ ಅಷ್ಟು ಭಾಗ ಯಂತ್ರದ ನೆನಪಿನಲ್ಲಿ ಉಳಿದು ಸುತ್ತುತ್ತಲೇ ಇರುತ್ತದೆ. ಅದರ ಮೇಲೆ ಗೆಜ್ಜೆ, ಆಮೇಲೆ ಆಲಾಪ; ಒಟ್ಟು ನಾಲ್ಕು ಸಾಲು. ಚೌಕಾಕಾರದ ಹಲಗೆಯ ಮೇಲೆ ಬೆರಳನ್ನು ಅಡ್ಡಕ್ಕೆ ಎಳೆದರೆ ನಾದದ ಒಂದು ಗುಣ, ಉದ್ದಕ್ಕೆ ಎಳೆದರೆ ಇನ್ನೊಂದು ಗುಣ ಬದಲಾಗುತ್ತದೆ. ಗ್ರಾಫ್ ಹಾಳೆಯ ಎಕ್ಸ್, ವೈ ಅಕ್ಷಗಳೇ ಅನ್ನಿ. ಒಳಗಡೆ ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆದು ಅಂಕಿಯಾಗಿಸುವ ಕೆಲಸ ನಡೆದಿರುತ್ತದೆ.

ತೊಡಕಿರುವುದು ತಾಳದಲ್ಲಿ. ಯಂತ್ರದ ಸುತ್ತು 1, 2, 4, 8, 16 ಎಣಿಕೆಗಳದ್ದು. ಆದಿತಾಳದ 8 ಅಕ್ಷರ ಸಲೀಸಾಗಿ ಕೂರುತ್ತದೆ. ಮಿಶ್ರಛಾಪಿನ 7ನ್ನು 8ರ ಸುತ್ತಿನ ಜೊತೆ ಹಾಡಿದರೆ ಎರಡನೇ ಆವರ್ತಕ್ಕೇ ಒಂದು ಅಕ್ಷರ ಏರುಪೇರು. ಮತ್ತೆ ಎರಡೂ ಕೂಡುವುದು 56 ಅಕ್ಷರ ಕಳೆದ ಮೇಲೆ!

ಉಪಾಯ ತ್ರೈರಾಶಿಯಲ್ಲಿದೆ. ನಮ್ಮ ಲಯ ನಿಮಿಷಕ್ಕೆ 140 ಅಕ್ಷರವಾದರೆ ಯಂತ್ರಕ್ಕೆ 160 ಎಂದು ಹೇಳಿಬಿಡಿ. ನಮ್ಮ 7, ಅದರ 8, ಎರಡೂ ಸರಿಯಾಗಿ 3 ಸೆಕೆಂಡು. ಯಂತ್ರ ತನ್ನ ಪಾಡಿಗೆ ಎಂಟು ಎಣಿಸಿಕೊಳ್ಳಲಿ, ಕೇಳುವವರಿಗೆ ಏಳೇ.

ಒಂದು ಮಾತ್ರ ಅದಕ್ಕೆ ಬಾರದು. ಮೃದಂಗದವರು ಹಾಡುಗಾರರ ಮುಖ ನೋಡಿ ಕಾಲಪ್ರಮಾಣ ಹೊಂದಿಸಿಕೊಳ್ಳುತ್ತಾರೆ. ಪೆಟ್ಟಿಗೆ ಯಾರ ಮುಖವನ್ನೂ ನೋಡುವುದಿಲ್ಲ. ಅರಸೀಕೆರೆ, ಬೇಲೂರು ಕಡೆಯ ಭಜನೆಗಳಲ್ಲಿ ಕೊನೆಕೊನೆಗೆ ವೇಗ ಏರುವುದು ವಾಡಿಕೆ. ಆ ಹೊತ್ತಿಗೆ ಗುಂಡಿ ಆರಿಸಿ ಢೋಲಕ್ಕಿನವರನ್ನೇ ಕರೆಯಬೇಕು.