ಎರೆಮಣ್ಣಿನ ಬಿಗಿಹಿಡಿತ

ಕಾಲುವೆ ಬರುವ ಮೊದಲೇ ಸಿಂಧನೂರು ಸೀಮೆಯ ಎರೆಭೂಮಿಗೆ ನೀರು ಕೂಡಿಡುವುದು ಗೊತ್ತಿತ್ತು. ಕುಡಿದ ಮಳೆಯನ್ನು ಒಡಲಲ್ಲಿಟ್ಟುಕೊಂಡು ಹಿಂಗಾರಿಗೆ ಬಿಳಿಜೋಳ ಬೆಳೆದುಕೊಡುತ್ತಿತ್ತು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿತು. ಮುಂದೆ ಎಡದಂಡೆ ಕಾಲುವೆಯ ಅಚ್ಚುಕಟ್ಟು ಭತ್ತದ ಸೀಮೆಯಾಯಿತು. ಆಗ ಅದೇ ಗುಣ ಮುಳುವಾಯಿತು. ಇಂದು ಜವಳು (ನೀರು ನಿಂತು ಕೆಟ್ಟ ನೆಲ), ಸವಳು (ಉಪ್ಪೇರಿದ ನೆಲ) ಎಂಬ ಮಾತು ಕೇಳದ ಹಳ್ಳಿ ಇಲ್ಲಿ ಅಪರೂಪ.

ಕಣದ ಮೈಯ ಲೆಕ್ಕ

ಎರೆಮಣ್ಣಿನ ಮುಖ್ಯ ಜೇಡಿ ಸ್ಮೆಕ್ಟೈಟ್. ಅದರ ಪದರಗಳ ಒಳಮೈ, ಹೊರಮೈ ಎರಡನ್ನೂ ಲೆಕ್ಕ ಹಿಡಿದರೆ ಒಂದು ಗ್ರಾಮಿಗೆ 700ರಿಂದ 800 ಚದರ ಮೀಟರ್. ಕೆಂಪುಮಣ್ಣಿನ ಕೆಯೋಲಿನೈಟ್‌ಗೆ ಹತ್ತಿಪ್ಪತ್ತು ಮಾತ್ರ. ಈ ಮೈಗೆ ನೀರಿನ ಅಣುಗಳು ಅಂಟಿ ನಿಲ್ಲುವುದೇ ಅಧಿಶೋಷಣೆ. 1918ರ ಪ್ರಸಿದ್ಧ ಸಮೀಕರಣ ಒಂದೇ ಪದರ ಅಂಟುತ್ತದೆಂದು ಎಣಿಸಿತು. 1938ರದು ಪದರದ ಮೇಲೆ ಪದರಕ್ಕೆ ಎಡೆಕೊಟ್ಟಿತು. ಎರಡರಲ್ಲೂ ಅಂಟಿಸಿಕೊಳ್ಳುವ ಮೈ ಕದಲುವುದಿಲ್ಲ. ಎರೆಮಣ್ಣು ಹಾಗೆ ಸುಮ್ಮನಿರುವ ಜಾತಿಯಲ್ಲ: ನೆನೆದರೆ ಉಬ್ಬುತ್ತದೆ, ಒಣಗಿದರೆ ಬಾಯಿಬಿಡುತ್ತದೆ, ನೀರಿನೊಡನೆ ರಂಧ್ರದ ಅಳತೆಯೂ ಬದಲಾಗುತ್ತದೆ. ಹೀಗಾಗಿ ಈಚಿನ ಮಾದರಿಗಳು ಅಂಟುನೀರು, ಲೋಮನಾಳದ ಸೆಳೆತ, ಉಬ್ಬುವ ಒತ್ತಡ ಮೂರನ್ನೂ ಒಟ್ಟಿಗೆ ಬಿಡಿಸಬೇಕಾಗುತ್ತದೆ. ಸುಮಾರು 15 ವಾಯುಮಂಡಲಕ್ಕಿಂತ ಬಿಗಿಯಾಗಿ ಹಿಡಿದ ನೀರು ಹೆಚ್ಚಿನ ಬೆಳೆಗಳ ಬೇರಿಗೆ ದಕ್ಕದು. ತೇವವಿದ್ದೂ ಪೈರು ಬಾಡುವುದು ಅದಕ್ಕೇ.

ಸೋಡಿಯಂ ಕಾಲಿಟ್ಟಾಗ

ಜೇಡಿಯ ಈ ಮೈಯ ಮೇಲೆ ಕ್ಯಾಲ್ಸಿಯಂ ಕೂತಿದ್ದರೆ ಕಣಗಳು ಗುಂಪುಗೂಡಿ ನೀರಿಗೆ ದಾರಿ ಬಿಡುತ್ತವೆ. ನೀರು ನಿಂತು, ಅಂತರ್ಜಲ ಮೇಲೆದ್ದು, ಆವಿಯಾಗಿ ಉಪ್ಪು ಉಳಿದಂತೆ ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಕಣಗಳು ಬಿಡಿಯಾಗಿ ರಂಧ್ರ ಮುಚ್ಚುತ್ತವೆ. ಈ ಅದಲುಬದಲಿನ ಸಮೀಕರಣ 1933ರಷ್ಟು ಹಳೆಯದು. ಮಣ್ಣು ಹಿಡಿದಿರುವ ವಿನಿಮಯಶೀಲ ಅಯಾನುಗಳಲ್ಲಿ ಸೋಡಿಯಂ ಪಾಲು ಶೇ 15 ಮೀರಿದರೆ ಕ್ಷಾರಭೂಮಿ ಎನ್ನುವುದು ವಾಡಿಕೆ. ಎರೆಮಣ್ಣಿಗೆ ಅದಕ್ಕಿಂತ ಕಡಿಮೆಯೇ ಸಾಕಾಗಬಹುದು.

ಯಾರ ಲೆಕ್ಕ ಸರಿ?

ಯೋಜನೆ ರೂಪಿಸಿದವರು ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆ ಗೊತ್ತುಮಾಡಿದ್ದರು. ರೈತರು ಭತ್ತ ನಾಟಿ ಮಾಡಿದರು; ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದಾಯಿತು. ನಿಯಮ ಮುರಿದರೆನ್ನುವುದು ಸುಲಭ. ಆದರೆ ನಿಂತ ನೀರನ್ನು ತಾಳುವ, ಮಾರುಕಟ್ಟೆಯೂ ಇರುವ ಬೆಳೆ ಭತ್ತವೇ. ಸವಳು ತೊಳೆಯುವಾಗಲೂ ಅದನ್ನೇ ಬೆಳೆಯಲು ಹೇಳುವುದುಂಟು. ಇಷ್ಟಾದರೂ ಮೇಲ್ಭಾಗದ ಹೆಚ್ಚುವರಿ ನೀರು ಕೊನೆಭಾಗದ ಬೆಳೆಯ ಜೊತೆಗೆ ಮೇಲ್ಭಾಗದ ಹೊಲದ ಮಣ್ಣಿನ ರಚನೆಯನ್ನೂ ಕೆಡಿಸುತ್ತಿದೆ ಎಂಬುದನ್ನು ಸಮೀಕರಣಗಳು ಮರೆಮಾಚುವುದಿಲ್ಲ. ಜಿಪ್ಸಂ ಹಾಕಿದರೆ ಕ್ಯಾಲ್ಸಿಯಂ ಮರಳುತ್ತದೆ; ಬಿಡುಗಡೆಯಾದ ಸೋಡಿಯಂ ಹೊರಹೋಗಲು ಬಸಿಗಾಲುವೆ ಬೇಕು. ಅದನ್ನು ಒಬ್ಬ ರೈತ ತನ್ನ ಬದುವಿನೊಳಗೇ ಮುಗಿಸಲಾರ; ಅದು ಪಕ್ಕದವರ ಹೊಲ ದಾಟಿ ಹಳ್ಳ ಸೇರಲೇಬೇಕು.