ಕೃತ್ತಿಕೆಯ ಹೆಸರಿನಲ್ಲೊಂದು ಕುಣಿತದ ಸಂಗೀತ

ಕಾರ್ತಿಕ ಮಾಸದ ಸಂಜೆ ಮೂಡಣದಲ್ಲಿ ಒತ್ತೊತ್ತಾಗಿ ಮಿನುಗುವ ಪುಟ್ಟ ಗೊಂಚಲು ಕೃತ್ತಿಕೆ. ನಮ್ಮ ಪುರಾಣಕ್ಕೆ ಅದು ಷಣ್ಮುಖನಿಗೆ ಹಾಲೂಡಿದ ಆರು ತಾಯಂದಿರ ನೆಲೆ. ಗ್ರೀಕರಿಗೆ ಅಟ್ಲಾಸನ ಏಳು ಹೆಣ್ಣುಮಕ್ಕಳು. 1997ರಲ್ಲಿ ಇಟಲಿಯ ಕೆಲವು ಸಂಗೀತಗಾರರು ಈ ತಾರೆಗಳ ಹೆಸರಿನಲ್ಲೇ ಒಂದು ಧ್ವನಿಮುದ್ರಿಕೆ ತಂದರು. ತಂಡದ ಹೆಸರು ‘ಪ್ಲೀಯೇಡಿಯನ್ಸ್’, ಅಂದರೆ ಕೃತ್ತಿಕಾವಾಸಿಗಳು. ಮುದ್ರಿಕೆಯ ಹೆಸರು ‘ಐ.ಎಫ್.ಓ.’. ಹಾರುವ ತಟ್ಟೆಗಳಿಗಿರುವ ‘ಯು.ಎಫ್.ಓ.’ ಎಂಬ ಹೆಸರಿನ ಮೊದಲಕ್ಷರ ಬದಲಿಸಿ, ಗುರುತು ಸಿಗದ ವಸ್ತುವನ್ನು ಗುರುತು ಸಿಕ್ಕ ವಸ್ತುವಾಗಿಸಿದ ತಮಾಷೆ ಅದು. ಒಳಗಿನ ಕೃತಿಗಳು ಮಾಯಾ, ಆಲ್ಸಿಯೋನೆ, ಎಲೆಕ್ಟ್ರಾ, ಹೀಗೆ.

ಇದು ‘ಗೋವಾ ಟ್ರಾನ್ಸ್’ ಎಂಬ ಪ್ರಕಾರಕ್ಕೆ ಸೇರಿದ್ದು. ಹಾಡುಗಾರಿಕೆ ಇಲ್ಲ, ಪಲ್ಲವಿ ಚರಣಗಳಿಲ್ಲ. ನಿಮಿಷಕ್ಕೆ 140ಕ್ಕೂ ಹೆಚ್ಚು ಪೆಟ್ಟುಗಳ ಸಮ ತಾಳ. ಪ್ರತಿ ಪೆಟ್ಟಿಗೆ ನಾಲ್ಕರಂತೆ ಓಡುವ ಸ್ವರಗಳು. ಒಂದು ಎಳೆಯ ಮೇಲೆ ಇನ್ನೊಂದು ಎಳೆ ಸೇರುತ್ತಾ ಹೋಗಿ ಕೊನೆಗೆ ನೇಯ್ಗೆಯಂತಾಗುತ್ತದೆ. ಷಡ್ಜಕ್ಕೆ ಅಂಟಿಕೊಂಡಂತಿರುವ ಶುದ್ಧ ರಿಷಭವನ್ನು ಈ ಪ್ರಕಾರದವರು ಬಹಳ ಮೆಚ್ಚುತ್ತಾರೆ. ಅವರು ಹೆಚ್ಚಾಗಿ ಬಳಸುವ ಒಂದು ಸ್ವರಶ್ರೇಣಿಯನ್ನು ಬರೆದಿಟ್ಟರೆ ನಮ್ಮ ಹನುಮತೋಡಿಯ ಸ್ವರಗಳೇ ಬರುತ್ತವೆ. ಆದರೆ ಗಮಕವಿಲ್ಲದ ಮೇಲೆ ತೋಡಿ ಎಲ್ಲಿಂದ ಬಂತು? ಸ್ವರಸ್ಥಾನ ಒಂದೇ, ರಾಗ ಮಾತ್ರ ಇಲ್ಲ.

ಈ ಪ್ರಕಾರದ ಕಿರುಚುವ, ನೀರಿನಂತೆ ಬಳುಕುವ ದನಿಯ ಮೂಲ ಜಪಾನಿನ ರೋಲ್ಯಾಂಡ್ ಕಂಪನಿಯ ‘ಟಿಬಿ-303’. ಬಾಸ್ ಗಿಟಾರ್ ನುಡಿಸುವವರು ಸಿಗದಿದ್ದಾಗ ಒದಗಲೆಂದು 1981ರಲ್ಲಿ ಬಂದ ಪುಟ್ಟ ಪೆಟ್ಟಿಗೆ. ಯಾರಿಗೂ ಹಿಡಿಸದೆ ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಹಳೆಯ ಪೆಟ್ಟಿಗೆಗಳನ್ನು ಅಗ್ಗಕ್ಕೆ ಕೊಂಡ ಷಿಕಾಗೋ ಯುವಕರು ಅದರ ಗುಂಡಿಗಳನ್ನು ಸಿಕ್ಕಾಪಟ್ಟೆ ತಿರುಗಿಸಿದಾಗ ಈ ದನಿ ಹುಟ್ಟಿತು. ಭೂಮಿಯ ಯಾವ ವಾದ್ಯವನ್ನೂ ಹೋಲದ ದನಿಗೆ ಕೇಳುಗನ ಮನಸ್ಸು ಒಂದು ಚಿತ್ರ ಬೇಡುತ್ತದೆ. ಅಂತರಿಕ್ಷ ನೌಕೆ, ಅನ್ಯಲೋಕಗಳು ಒದಗಿದ್ದು ಹಾಗೆ. ವೈಜ್ಞಾನಿಕ ಚಲನಚಿತ್ರಗಳ ಸಂಭಾಷಣೆಯ ತುಣುಕುಗಳನ್ನು ನಡುನಡುವೆ ಸೇರಿಸುವುದೂ ರೂಢಿ.

ಕೃತ್ತಿಕೆಯಿಂದ ಅತಿಥಿಗಳು ಬರುತ್ತಾರೆಂಬ ಮಾತು 1970ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಒಬ್ಬರಿಂದ ಹರಡಿತು. ಖಗೋಳಶಾಸ್ತ್ರ ಒಪ್ಪುವುದಿಲ್ಲ. ಸುಮಾರು 440 ಜ್ಯೋತಿರ್ವರ್ಷ ದೂರದ ಈ ಗೊಂಚಲಿಗೆ ವಯಸ್ಸು ಹತ್ತು ಕೋಟಿ ವರ್ಷದ ಆಸುಪಾಸು. ಭೂಮಿಗೆ 450 ಕೋಟಿ. ನಾಗರಿಕತೆ ಇರಲಿ, ಪಾಚಿ ಬೆಳೆಯಲೂ ಅಲ್ಲಿ ಸಮಯ ಸಾಲದು.

ಆಕಾಶದ ಮಾತು ಇಷ್ಟಾಯಿತು; ಹೆಸರು ಕೊಟ್ಟ ನೆಲದ ಮಾತು ಬೇರೆ. ಅಂಜುನಾ ಕಡಲತೀರದಲ್ಲಿ ಹಿಪ್ಪಿಗಳು ಇರುಳಿಡೀ ಕುಣಿಯುತ್ತಿದ್ದಾಗ ಊರಿನ ಹೆಂಗಸರು ಚಾಪೆ ಹಾಸಿ, ದೀಪ ಹಚ್ಚಿಟ್ಟು ಚಹಾ ಮಾರುತ್ತಿದ್ದರು. ‘ಐ.ಎಫ್.ಓ.’ ಹೊರಬಂದದ್ದು ಡ್ರ್ಯಾಗನ್‌ಫ್ಲೈ ಎಂಬ ಬ್ರಿಟಿಷ್ ಕಂಪನಿಯಿಂದ. ಇಂಥ ಮುದ್ರಿಕೆಗಳ ಹಣ ಯೂರೋಪಿನಲ್ಲಿ ಉಳಿಯಿತು. ಊರಿಗೆ ಬಂದದ್ದು ಚಹಾದ ಕಾಸು, ಕೆಟ್ಟ ನಿದ್ದೆ, ಮಾದಕ ವಸ್ತುಗಳ ಅಪಕೀರ್ತಿ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮ 2000ದಲ್ಲಿ ಬಂದ ಮೇಲೆ ಕಡಲತೀರದ ಇರುಳುಗಳ ಸ್ವರೂಪವೇ ಬದಲಾಯಿತು. ಈ ಸಂಗೀತದ ಬಹುದೊಡ್ಡ ಉತ್ಸವಗಳಲ್ಲೊಂದಾದ ‘ಬೂಮ್’ 1997ರಲ್ಲಿ ಶುರುವಾದದ್ದು, 1961ರವರೆಗೆ ಗೋವೆಯನ್ನು ಆಳಿದ ಪೋರ್ಚುಗಲ್‌ನಲ್ಲಿ.